ಸದಾಶಿವ ಪೇಠದ ಅಂಗೈ

ಹೊಳಬಸಪ್ಪ ಮತ್ತೊಮ್ಮೆ ಎದೆ ಮುಟ್ಟಿ ನೋಡಿಕೊಂಡ. ಇರಲಿಲ್ಲ. ಇಲ್ಲವೆಂದು ಗೊತ್ತಿದ್ದೇ ಮುಟ್ಟಿಕೊಂಡಿದ್ದ. ಪುಣೆಯ ಸ್ವಾರಗೇಟಿನಲ್ಲಿ ಬಸ್ಸಿಳಿದು ಸದಾಶಿವ ಪೇಠದ ಕಡೆ ನಡೆಯತೊಡಗಿದಾಗಿನಿಂದ ಕೈ ತನ್ನಷ್ಟಕ್ಕೆ ತಾನೇ ಎದೆಗೆ ಹೋಗಿ ಹೋಗಿ ಬರುತ್ತಿತ್ತು. ಎದುರಿಗೆ ಬಂದ ಮುದುಕರೊಬ್ಬರು ತಡೆದು ನಿಲ್ಲಿಸಿ, “ಛಾತೀತ ದುಖತಂಯ ಕಾ?” ಎಂದು ಎದೆನೋವಿನ ಬಗ್ಗೆ ವಿಚಾರಿಸಿ, ಮುಂದಿನ ತಿರುವಿನಲ್ಲೇ ಒಳ್ಳೆಯ ಡಾಕ್ಟರೊಬ್ಬರಿದ್ದಾರೆ, ಆದರೆ ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕುತ್ತಾರೆ, ನೋವು ಬರುವುದಿದ್ದರೆ ಅಷ್ಟರೊಳಗೆ ಬರಲಿ ಎಂಬ ಧಾಟಿಯಲ್ಲಿ ಹೇಳಿ ಹೋದರು. ಎದೆಯೊಳಗೆ ಏನೂ ಆಗಿಲ್ಲ ಮಹಾರಾಯರೇ, ಎದೆಯ ಮೇಲೆ ಇರಬೇಕಾದದ್ದು ಇಲ್ಲ ಎಂದು ಬಿಡಿಸಿ ಹೇಳಲು ಅವನಲ್ಲಿದ್ದ ಮರಾಠಿ ಸಾಲದು. ಗುಳೇದಗುಡ್ಡದ ರವಿಕೆಯ ಖಣ ಮಾರಲು ಬೇಕಾದಷ್ಟು ಮರಾಠಿ, ಅಂದರೆ ಬಣ್ಣ, ಅಂಚು, ಅಳತೆ, ನಾಳೆ ನೋಡೋಣವೆನ್ನುವ ‘ಉದ್ಯಾ ಬಘೂ’, ಇಷ್ಟೇ ಅವನ ಬಾಯಲ್ಲಿತ್ತು. ಎದೆಯ ಮೇಲಿರಬೇಕಾಗಿದ್ದ ಬೆಳ್ಳಿಯ ಕರಡಿಗೆ, ಅದರೊಳಗಿನ ಇಷ್ಟಲಿಂಗ, ಎರಡೂ ಈಗ ಇಂದಾಪುರದಲ್ಲಿದ್ದವು.

ಎಂಥ ಕ್ಷುಲ್ಲಕ ಕಾರಣ! ರಾತ್ರಿ ವಿಜಾಪುರದಲ್ಲಿ ಹತ್ತಿದ ಬಸ್ಸು ಬೆಳಗಿನ ಜಾವ ಇಂದಾಪುರದ ಹೋಟೆಲೊಂದರ ಮುಂದೆ ನಿಂತಾಗ, ಹೆಣ್ಣು ಕೊಡಲು ಹೊರಟವನು ಬೆವರು ನಾರುತ್ತ ಹೋಗಬಾರದೆಂದು ಬಚ್ಚಲಿಗೆ ಹೋಗಿದ್ದ. ಬನಿಯನ್ನು ಬದಲಿಸುವಾಗ ಶಿವದಾರ ತೋಳಿಗೆ ತೊಡರಿತು. ತೆಗೆದು ಮೊಳೆಗೆ ಹಾಕಿದ. ಮನೆಯಲ್ಲಾಗಿದ್ದರೆ ಹೆಂಡತಿ ನಾಗವ್ವ ಹೊರಗಿನಿಂದಲೇ ‘ಕೊಳ್ಳಾಗ ಹಾಕ್ಕೊಂಡ್ರೇನು?’ ಎಂದು ಕೂಗುತ್ತಿದ್ದಳು. ಮದುವೆಯಾದಾಗಿನಿಂದ ಆ ಕೂಗಿಗೆ ಅವನು ಸಿಡಿಮಿಡಿಗೊಳ್ಳದ ದಿನವಿಲ್ಲ. ಈ ಸಲ ಅವಳ ಮೊಣಕಾಲು ಊದಿಕೊಂಡು ಒಬ್ಬನೇ ಹೊರಡಬೇಕಾಗಿ ಬಂದಾಗ ಮೇಲೆ ಮೇಲೆ ಮರುಗಿದರೂ ಒಳಗೊಳಗೇ ಖುಷಿಪಟ್ಟಿದ್ದ. ಕಿಟಕಿಯ ಪಕ್ಕದ ಸೀಟು ತನಗೇ ಎಂದು. ಇಂದಾಪುರದ ಬಚ್ಚಲಿನ ಹೊರಗೆ ಯಾರೂ ಕೂಗಲಿಲ್ಲ. ಕಂಡಕ್ಟರ್ ಸೀಟಿ ಊದಿದ, ಅಷ್ಟೆ. ಭಿಗವಣ ದಾಟಿದ ಮೇಲೆ ತೂಕಡಿಕೆಯಲ್ಲಿ ಎದೆ ಮುಟ್ಟಿಕೊಂಡವನಿಗೆ ಜೀವ ಝಲ್ಲೆಂದಿತು. ಬಸ್ಸು ನಿಲ್ಲಿಸಿರೆಂದು ಕೂಗಬೇಕೆನ್ನಿಸಿತು. ಛತ್ರಿ ಬಿಟ್ಟವನು ಕೂಗಬಹುದು, ಚೀಲ ಬಿಟ್ಟವನು ಕೂಗಬಹುದು, ಇದನ್ನು ಬಿಟ್ಟವನು ತುಂಬಿದ ಬಸ್ಸಿನಲ್ಲಿ ಏನೆಂದು ಕೂಗುವುದು? ಕೊನೆಗೆ ಅಲ್ಲಿ ಕೊಂಡಿದ್ದ ಚಿವಡಾದ ಪೊಟ್ಟಣದ ಮೇಲಿದ್ದ ನಂಬರಿಗೆ ಫೋನು ಮಾಡಿದ. “ಆಹೇ ಕಾಕಾ, ಆಹೇ,” ಇದೆ ಎಂದಿತು ಆ ಕಡೆಯ ದನಿ. ಗಲ್ಲಾಪೆಟ್ಟಿಗೆಯ ಮೇಲಿನ ಗಣಪತಿಯ ಫೋಟೋಕ್ಕೆ ತೂಗುಹಾಕಿ, ಊದುಬತ್ತಿಯನ್ನೂ ಬೆಳಗಿದ್ದರಂತೆ. ಅಂದರೆ ಹೊಳಬಸಪ್ಪನ ಲಿಂಗಕ್ಕೆ ಆ ದಿನ ಹೊಳಬಸಪ್ಪನಿಗಿಂತ ಮೊದಲೇ ಪೂಜೆಯಾಗಿತ್ತು. ತಿರುಗಿ ಹೋಗುವಾಗ ಇಸಿದುಕೊಂಡರಾಯಿತು. ಆ ಮಟ್ಟಿಗೆ ನಿಶ್ಚಿಂತೆ.

ಸಂಕಟ ಬೇರೆ ಇತ್ತು. ಯವತದಲ್ಲಿ ಬಸ್ಸು ನಿಂತಾಗ ಕಿಟಕಿಗೆ ವಡಾಪಾವು ಬಂತು. ಲಿಂಗ ಮೈಮೇಲಿಲ್ಲದವ ಹನಿ ನೀರು ಕೂಡ ಮುಟ್ಟಬಾರದೆಂದು ಅಜ್ಜಿ ಹೇಳುತ್ತಿದ್ದಳು. ಹಾಗೆ ಮುಟ್ಟದೆ ಮೂರು ದಿನ ಕೂತ ಯಾರೋ ಒಬ್ಬ ಹಿರಿಯನ ಕತೆಯನ್ನೂ ಹೇಳುತ್ತಿದ್ದಳು. ಆ ಕತೆ ಸ್ಪಷ್ಟವಾಗಿ ನೆನಪಿರುವಾಗಲೇ ಹೊಳಬಸಪ್ಪ ಒಂದು ವಡಾಪಾವು ತಿಂದ. ತಿಂದ ಮೇಲೆ, ಕೆಟ್ಟದ್ದು ಹೇಗೂ ಕೆಟ್ಟಾಯಿತಲ್ಲ ಎಂದು ಇನ್ನೊಂದು ತಿಂದ. ಜೊತೆಗೆ ಕೊಟ್ಟ ಹುರಿದ ಮೆಣಸಿನಕಾಯಿಯನ್ನೂ ಬಿಡಲಿಲ್ಲ. ಬಾಯಿ ಒರೆಸಿಕೊಳ್ಳುತ್ತಿದ್ದಾಗಲೇ ನಾಗವ್ವನ ಫೋನು ಬಂತು.

“ಪೂಜಿ ಆತೇನ್ರಿ?”

“ಆತಲ್ಲ,” ಎಂದ. ಎಷ್ಟು ಸರಾಗವಾಗಿ ಬಂತು ಮಾತು! ನಾಲಿಗೆಯ ಮೇಲೆ ಇನ್ನೂ ಬೆಳ್ಳುಳ್ಳಿ ಚಟ್ನಿಯ ಖಾರವಿತ್ತು.

ಮಗಳು ವರದಾ ಮತ್ತು ಸ್ವಪ್ನಿಲ್ ಸೊಲ್ಲಾಪುರದ ಕಾಲೇಜಿನಲ್ಲಿ ಒಬ್ಬರನ್ನೊಬ್ಬರು ಸಾಕಷ್ಟು ನೋಡಿಕೊಂಡು, ಆಮೇಲೆ ಹಿರಿಯರಿಗೂ ನೋಡುವ ಅವಕಾಶ ಕೊಟ್ಟವರು. ಮಗಳ ಮನಸ್ಸು ನಿಂತಾಗಿತ್ತು. ಅಪ್ಪನ ಹತ್ತಿರ ಏನನ್ನೂ ಬೇಡದ ಹುಡುಗಿ, ಹೊರಡುವಾಗ ಚೀಲ ಕೈಗೆ ಕೊಟ್ಟು, “ಅಪ್ಪಾ, ಅಲ್ಲಿ ಏನೂ ಹೆಚ್ಚು ಕಡಿಮಿ ಮಾಡಬ್ಯಾಡ,” ಎಂದಷ್ಟೇ ಹೇಳಿ ಒಳಗೆ ಹೋಗಿದ್ದಳು. ಉಳಿದದ್ದು ಸ್ವಪ್ನಿಲನ ತಾಯಿ ಶಿವಗಂಗವ್ವನ ಒಪ್ಪಿಗೆ. ಪುಣೆಗೆ ಬಂದು ನಲವತ್ತು ವರ್ಷವಾದರೂ ವಿಜಾಪುರದ ಮಠದ ಪಂಚಾಂಗದಲ್ಲೇ ದಿನ ಎಣಿಸುವ ಹೆಂಗಸು. ಫೋನಿನಲ್ಲಿ ಆಕೆ ಬಂಗಾರ ಕೇಳಲಿಲ್ಲ, ಹೊಲ ಕೇಳಲಿಲ್ಲ, ಮನೆಯಲ್ಲಿ ಆಚಾರ ಹೇಗೆಂದು ಮಾತ್ರ ಕೇಳಿದಳು. ನಾಗವ್ವ ಅಷ್ಟಕ್ಕೇ ನಿಂತಿದ್ದರೆ ಸಾಕಿತ್ತು. “ನಮ್ಮವ್ರು ಪೂಜಿ ಆಗಲಾರದ ಬಾಯಾಗ ಹನಿ ನೀರ ಹಾಕೂದಿಲ್ರಿ,” ಎಂದುಬಿಟ್ಟಳು. ಪಕ್ಕದಲ್ಲೇ ಚಹಾ ಕುಡಿಯುತ್ತ ಕೂತಿದ್ದ ಹೊಳಬಸಪ್ಪ ಅದನ್ನು ಕೇಳಿಸಿಕೊಂಡು ಚಹಾ ಮುಗಿಸಿದ್ದ. ಪೂಜೆ ಮಾಡುವುದಿಲ್ಲವೆಂದಲ್ಲ. ಸೋಮವಾರ ಮಾಡುತ್ತಿದ್ದ, ಶ್ರಾವಣದಲ್ಲಿ ಮಾಡುತ್ತಿದ್ದ, ನಾಗವ್ವ ಹಿಂದೆ ನಿಂತ ದಿನ ಖಂಡಿತ ಮಾಡುತ್ತಿದ್ದ. ಎಡಗೈಯಲ್ಲಿ ಲಿಂಗವನ್ನಿಟ್ಟುಕೊಂಡು ದಿಟ್ಟಿಸಿದರೆ ಅದರಾಚೆ ಅಂಗಡಿ ಕಾಣುತ್ತಿತ್ತು: ಬಿಕರಿಯಾಗದ ನವಿಲುಗರಿ ಬಣ್ಣದ ಬಟ್ಟೆಯ ಥಾನು, ಬಾಗಿಲಿಗೆ ಅಡ್ಡ ನಿಲ್ಲಿಸುವ ಪಕ್ಕದವನ ಸ್ಕೂಟರು. ಕಣ್ಣಿಗೊತ್ತಿಕೊಂಡು ಎದ್ದಾಗ ಮನಸ್ಸು ಶಾಂತವಾಗುವ ಬದಲು ಆ ಸ್ಕೂಟರಿನ ಮೇಲೆ ಇನ್ನಷ್ಟು ಸಿಟ್ಟಾಗಿರುತ್ತಿತ್ತು.

ಊಟಕ್ಕೆ ಒಂದು ಗಂಟೆಗೆ ಕರೆದಿದ್ದರು. ಇನ್ನೂ ಸಾಕಷ್ಟು ಹೊತ್ತಿತ್ತು. ಅಂಗಿಯ ಮೇಲೆ ಎದೆಯ ಹತ್ತಿರ ಕರಡಿಗೆಯ ಉಬ್ಬು ಇರಬೇಕಾದಲ್ಲಿ ಸಪಾಟಾಗಿತ್ತು. ಶಿವಗಂಗವ್ವನ ಕಣ್ಣು ಮೊದಲು ಅಲ್ಲಿಗೇ ಬೀಳುತ್ತದೆಂದು ಅವನಿಗೆ ಖಾತ್ರಿಯಾಗಿತ್ತು. ಮೂಲೆಯ ಪಾನ್ ಅಂಗಡಿಯಲ್ಲಿ ದೊಡ್ಡದೊಂದು ಗೋಟಡಿಕೆ ಕೊಂಡ. ಯುಪಿಎಸ್ಸಿ ತರಬೇತಿಯ ಬೋರ್ಡೊಂದರ ಮರೆಯಲ್ಲಿ ನಿಂತು, ಅದನ್ನು ಕರ್ಚೀಫಿನ ತುದಿಗೆ ಕಟ್ಟಿ, ಕರ್ಚೀಫನ್ನು ಹುರಿಗೊಳಿಸಿ ಕೊರಳಿಗೆ ಬಿಗಿದು, ಅಂಗಿಯ ಒಳಗೆ ಇಳಿಬಿಟ್ಟ. ಅಂಗಡಿಯೊಂದರ ಗಾಜಿನಲ್ಲಿ ನೋಡಿಕೊಂಡ. ಉಬ್ಬು ಸರಿಯಾಗಿಯೇ ಬಂದಿತ್ತು, ಆದರೆ ತುಸು ಎಡಕ್ಕೆ. ಸರಿಪಡಿಸಿದ. ಮಗಳ ಮದುವೆ ಒಂದು ಅಡಿಕೆಯ ಮೇಲೆ ನಿಂತಿದೆಯಲ್ಲ ಎಂದು ಅವನಿಗೆ ನಗು ಬಂತು. ಮರುಕ್ಷಣವೇ ನಾಚಿಕೆಯಾಯಿತು. ಮೈಮೇಲೆ ದೇವರಿಲ್ಲದಿದ್ದುದಕ್ಕಿಂತ ದೇವರ ಜಾಗದಲ್ಲಿ ಅಡಿಕೆ ಇದ್ದುದು ಭಾರವಾಗಿತ್ತು.

ಹಾಗೆ ಎದೆ ಸೆಟೆಸಿಕೊಂಡು ನಡೆಯುತ್ತಿದ್ದವನು ಮೂರು ರಸ್ತೆ ಕೂಡುವಲ್ಲಿ ತಟ್ಟನೆ ನಿಂತ. ನಡುವೆ ಕಬ್ಬಿಣದ ಬೇಲಿ ಹಾಕಿದ ತ್ರಿಕೋನದ ತುಂಡು ಹುಲ್ಲು. ಹುಲ್ಲಿನ ನಡುವೆ ಒಂದು ಕೈ. ಮಣಿಕಟ್ಟಿನವರೆಗೆ ನೆಲದಲ್ಲಿ ಹೂತು, ಅಂಗೈಯನ್ನು ಆಕಾಶಕ್ಕೆ ಒಡ್ಡಿದ ಬೂದು ಬಣ್ಣದ ಸಿಮೆಂಟಿನ ಕೈ. ಎತ್ತಿನ ಗಾಡಿಯಷ್ಟು ದೊಡ್ಡದು. ಬೆರಳುಗಳು ತುಸು ಮಡಿಚಿಕೊಂಡಿದ್ದವು, ಅಂಗೈಯಲ್ಲಿರುವುದು ಜಾರಿ ಬೀಳದಿರಲಿ ಎಂಬಂತೆ. ಅಂಗೈಯಲ್ಲಿ ಏನೂ ಇರಲಿಲ್ಲ. ಮಧ್ಯದ ಬೆರಳಿನ ತುದಿಯಲ್ಲಿ ಒಂದು ಪಾರಿವಾಳ ಕೂತಿತ್ತು. ಸುತ್ತ ಸ್ಕೂಟರುಗಳು, ರಿಕ್ಷಾಗಳು, ಮುಖಕ್ಕೆ ಓಢಣಿ ಸುತ್ತಿಕೊಂಡ ಹುಡುಗಿಯರು; ಒಬ್ಬರೂ ಆ ಕೈಯ ಕಡೆ ನೋಡುತ್ತಿರಲಿಲ್ಲ. ಹೊಳಬಸಪ್ಪ ಮಾತ್ರ ಸಿಕ್ಕಿಬಿದ್ದ ಕಳ್ಳನಂತೆ ನೋಡಿದ. ಇದು ಯಾರ ಕೈ? ಇಷ್ಟು ದೂರ ಬಂದು ನನ್ನ ದಾರಿಗೇ ಯಾಕೆ ಅಡ್ಡ ನಿಂತಿದೆ?

ಝೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಕೂತ. ಅದು ಎಡಗೈಯೋ ಬಲಗೈಯೋ ಎಂಬ ಪ್ರಶ್ನೆ ಅವನಿಗೆ ಜೀವನ್ಮರಣದ ಪ್ರಶ್ನೆಯಾಗಿ ಕಂಡಿತು. ಪೂಜೆಯಲ್ಲಿ ಲಿಂಗ ಕೂರುವುದು ಎಡಗೈಯಲ್ಲಿ. ಹೋಲಿಸಿ ನೋಡಲು ತನ್ನ ಎಡಗೈಯನ್ನು ಮುಂದೆ ಚಾಚಿದ. ಒಂದು ರಿಕ್ಷಾ ಬಂದು ನಿಂತಿತು. “ಕುಠೇ ಜಾಯಚಂಯ?” ಎಲ್ಲಿಗೂ ಇಲ್ಲವೆಂದು ತಲೆಯಾಡಿಸಿದ. ರಿಕ್ಷಾದವ ಗೊಣಗಿ ಹೋದ. ಮತ್ತೆ ಚಾಚಿದ. ಮತ್ತೊಂದು ರಿಕ್ಷಾ. ಪುಣೆಯಲ್ಲಿ ಕರೆದರೆ ರಿಕ್ಷಾ ಬರುವುದಿಲ್ಲವೆಂದು ಯಾರೋ ಹೇಳಿದ್ದರು. ಬೇಡವಾದಾಗ ಬರುತ್ತವೆಂದು ಹೇಳಿರಲಿಲ್ಲ. ಅವನು ಕೈಯನ್ನು ಹಿಂದಕ್ಕೆ ತಂದು ಮಡಿಲಿನ ಮೇಲೆ ಅಂಗಾತ ಇಟ್ಟುಕೊಂಡ. ಹೆಬ್ಬೆರಳು ಅಲ್ಲೂ ಎಡಕ್ಕೆ, ಇಲ್ಲೂ ಎಡಕ್ಕೆ. ಎಡಗೈಯೇ. ತಲೆಯೆತ್ತಿ ದೊಡ್ಡ ಅಂಗೈ ನೋಡಿದ, ತಗ್ಗಿಸಿ ತನ್ನದು ನೋಡಿದ. ದೊಡ್ಡದಕ್ಕೆ ಗೆರೆಗಳನ್ನು ಕರಣೆಯಿಂದ ಕೊರೆದಿದ್ದರು, ಒಂದು ಬಿರುಕು ಆಯುಷ್ಯದ ಗೆರೆಯನ್ನು ದಾಟಿ ಕೆಳಗಿಳಿದಿತ್ತು. ತನ್ನದರಲ್ಲಿ ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಕೂತು ಬಿದ್ದ ಹಳೆಯ ಗಾಯದ ಗುರುತು, ನಡುವೆ ಖಣದ ಹೊಸ ಥಾನಿನಿಂದ ಇಳಿದ ಕೆಂಪು. ಈ ಕೆಂಪು ಯಾವಾಗಿನದು? ಇಷ್ಟು ವರ್ಷ ಮುಖದ ಮುಂದೆ ಹಿಡಿದುಕೊಂಡ ಕೈಯನ್ನೇ ತಾನು ಈವರೆಗೆ ನೋಡಿರಲಿಲ್ಲವೇ?

ಹಾಗೆ ನೋಡುತ್ತ ಕೂತವನಿಗೆ ಒಂದು ವಿಚಿತ್ರವಾಯಿತು. ಅಂಗಡಿ ಬರಲಿಲ್ಲ. ನವಿಲುಗರಿ ಬಣ್ಣದ ಥಾನು ಬರಲಿಲ್ಲ, ಸ್ಕೂಟರು ಬರಲಿಲ್ಲ. ಕೈಯಲ್ಲಿ ಇದ್ದಾಗ ಒಂದು ದಿನವೂ ನಿಲ್ಲದ ಮನಸ್ಸು ಇಲ್ಲದ್ದರ ಮೇಲೆ ನಿಂತುಬಿಟ್ಟಿತ್ತು. ಅದರ ನುಣುಪು, ಬೆಳಗಿನ ತಂಪು, ಅಂಗೈಯ ಕುಳಿಯಲ್ಲಿ ಅದು ಕೂರುತ್ತಿದ್ದ ಸರಿಯಾದ ಜಾಗ, ಎಲ್ಲವೂ ಚರ್ಮಕ್ಕೆ ಗೊತ್ತಿತ್ತು; ಅವನಿಗೆ ಮಾತ್ರ ಗೊತ್ತಿರಲಿಲ್ಲ. ದೀಕ್ಷೆಯ ದಿನ ಅಪ್ಪ ತನ್ನ ಕೈಯ ಕೆಳಗೆ ಕೈಯಿಟ್ಟು ಹಿಡಿದಿದ್ದರು, ಅಪ್ಪನ ಕೈ ನಡುಗುತ್ತಿತ್ತು. ಯಾಕೆ ನಡುಗುತ್ತಿತ್ತು ಎಂದು ಆಗ ಕೇಳಬೇಕೆನಿಸಿರಲಿಲ್ಲ. ಈಗ ಕೇಳೋಣವೆಂದರೆ ಅಪ್ಪ ಇಲ್ಲ. ಹಾರ್ನುಗಳು ದೂರ ಸರಿದವು. ಎದುರಿನ ಸಿಮೆಂಟಿನ ಕೈ ಬಿಸಿಲಲ್ಲಿ, ಹೊಗೆಯಲ್ಲಿ, ಪಾರಿವಾಳದ ಹಿಕ್ಕೆಯಲ್ಲಿ, ಖಾಲಿಯಾಗಿದ್ದೂ ಸ್ವಲ್ಪವೂ ನಾಚದೆ ತೆರೆದುಕೊಂಡೇ ಇತ್ತು. ಅದಕ್ಕಿಲ್ಲದ ನಾಚಿಕೆ ನನಗೇಕೆ ಅಂದುಕೊಂಡ. ಅವನು ಅಳುತ್ತಿದ್ದ, ಮತ್ತು ಅದು ಅವನಿಗೆ ಹಿತವಾಗಿತ್ತು. ಯಾರೋ ಅವನ ತೆರೆದ ಅಂಗೈಯಲ್ಲಿ ಏನನ್ನೋ ಇಟ್ಟರು.

ಬೆಚ್ಚಿ ಕಣ್ಣೊರೆಸಿಕೊಂಡು ನೋಡಿದರೆ ಜಾಹೀರಾತಿನ ಚೀಟಿ. ಹಂಚುತ್ತಿದ್ದ ಹೆಂಗಸು ಆಗಲೇ ಮುಂದಿನವರ ಕೈ ಹುಡುಕಿಕೊಂಡು ಹೋಗಿದ್ದಳು. ತಲಾಠಿ ನೌಕರಿಯ ಪರೀಕ್ಷೆಗೆ ಹೊಸ ಬ್ಯಾಚು, ಯಶಸ್ಸಿನ ಖಾತ್ರಿ, ಹೆಣ್ಣುಮಕ್ಕಳಿಗೆ ರಿಯಾಯಿತಿ. ಹೊಳಬಸಪ್ಪ ಅದನ್ನು ಮಡಿಚಿ ಜೇಬಿಗಿಟ್ಟು ಎದ್ದ. ರಸ್ತೆ ದಾಟಿ ಆ ಕೈಗೆ ಒಂದು ನಮಸ್ಕಾರ ಮಾಡಬೇಕೆನ್ನಿಸಿತು. ಬೇಲಿಯ ಹತ್ತಿರ ಚಪ್ಪಲಿ ಬಿಟ್ಟು, ಕೈಮುಗಿದು, ತಲೆಯೆತ್ತಿದಾಗ ದಾಸವಾಳದ ಗಿಡದ ಮರೆಯಲ್ಲಿದ್ದ ಫಲಕ ಕಂಡಿತು. ‘ಸಾಬಣಾನೇ ಹಾತ್ ಧುವಾ, ಆಜಾರ ದೂರ ಠೇವಾ.’ ಸೋಪಿನಿಂದ ಕೈ ತೊಳೆಯಿರಿ, ರೋಗ ದೂರವಿಡಿ. ದುರದೃಷ್ಟಕ್ಕೆ ಇಷ್ಟು ಮರಾಠಿ ಅವನಿಗೆ ಬರುತ್ತಿತ್ತು. ಕೆಳಗೆ ಸೋಪಿನ ಚಿತ್ರವೂ ಇತ್ತು, ಅದರಿಂದ ಏಳುವ ಗುಳ್ಳೆಗಳೂ ಇದ್ದವು. ಕೊರೋನಾ ಕಾಲದಲ್ಲಿ ನಿಲ್ಲಿಸಿ ಮರೆತದ್ದಿರಬೇಕು. ಅವನು ಮುಗಿದ ಕೈಯನ್ನು ಬಿಡಿಸಲೂ ಆಗದೆ ಹಾಗೇ ಹಿಡಿಯಲೂ ಆಗದೆ ನಿಂತ. ಆಮೇಲೆ ಒಬ್ಬನೇ ನಗತೊಡಗಿದ. ಸೋಪಿನ ಕೈಯೇ ಆಗಲಿ. ಆಗಬೇಕಾದದ್ದು ಆಗಿಹೋಗಿತ್ತು, ಫಲಕ ಓದಿದ ಮಾತ್ರಕ್ಕೆ ಅದನ್ನು ವಾಪಸು ಕೊಡಲು ಬರುತ್ತಿರಲಿಲ್ಲ. ಅಂಗಿಯೊಳಗಿಂದ ಕರ್ಚೀಫು ಬಿಚ್ಚಿ, ಅಡಿಕೆಯನ್ನು ತೆಗೆದು, ಎಸೆಯಲು ಜಾಗ ಕಾಣದೆ ಬಾಯಿಗೆ ಹಾಕಿಕೊಂಡ. ಶಿವಗಂಗವ್ವನ ಮನೆಯ ಜಿನೆಯ ಮೆಟ್ಟಿಲು ಹತ್ತುವವರೆಗೂ ಕಟಕಟ ಕಡಿಯುತ್ತ ಸಾಕ್ಷಿಯನ್ನೆಲ್ಲ ನುಂಗಿದ. ಲಿಂಗ ಮರೆತುಬಂದೆನೆಂದು ಹೋದ ಕೂಡಲೇ ಹೇಳಿಬಿಡುವುದು. ಒಪ್ಪಿದರೆ ಒಪ್ಪಲಿ.

ಬಾಗಿಲು ತೆಗೆದವಳು ಸ್ವಪ್ನಿಲನ ಅಕ್ಕ ನೀತಾ. “ಯಾ ಯಾ ಕಾಕಾ, ಒಳಗ ಬರ್ರಿ. ಘರ ಸಿಗಾಕ ತ್ರಾಸ ಆಗಲಿಲ್ಲಲ್ಲ?” ಒಳಗೆ ಹೋಳಿಗೆಯ ವಾಸನೆ ತುಂಬಿತ್ತು. ಸ್ವಪ್ನಿಲ್ ಹಣೆತುಂಬ ವಿಭೂತಿ ಹಚ್ಚಿಕೊಂಡು ಇಸ್ತ್ರಿಯ ಅಂಗಿಯಲ್ಲಿ ನಿಂತಿದ್ದ. ನಡುಮನೆಯಲ್ಲಿ ಎರಡು ಮಣೆ, ಎರಡು ತಟ್ಟೆ ಬಿಲ್ವಪತ್ರೆ, ಎರಡು ತಂಬಿಗೆ ನೀರು. ಒಂದು ಮಣೆಯ ಮೇಲೆ ಶಿವಗಂಗವ್ವ ಆಗಲೇ ಕೂತಿದ್ದಳು. ತೆಳ್ಳಗಿನ, ನೆಟ್ಟಗಿನ ಹೆಂಗಸು. ಮುಖದಲ್ಲಿ ಆಯಾಸ ಕಾಣುತ್ತಿತ್ತು.

“ಬರ್ರಿ ಹೊಳಬಸಪ್ಪನವರ. ನಂದೂ ಇನ್ನ ಆಗಿಲ್ರಿ. ನೀವೂ ಪೂಜಿ ಆಗಲಾರದ ಏನೂ ಮುಟ್ಟೂದಿಲ್ಲಂತ ನಿಮ್ಮ ಮನಿಯವ್ರು ಹೇಳಿದ್ರು. ಮುಂಜಾನಿ ಬಸ್ಸಿನ್ಯಾಗ ಎಲ್ಲಿ ಆಗಿದ್ದೀತು, ಬಂದ ಮ್ಯಾಲ ಕೂಡೇ ಮಾಡಿದ್ರಾತು ಅಂತ ಕುಂತೇನಿ.”

“ಅವ್ವಾರ, ನನ್ನ ಲಿಂಗ ಇಂದಾಪುರದಾಗ ಉಳದದ್ರಿ,” ಎಂದ ಹೊಳಬಸಪ್ಪ, ನಿಂತಲ್ಲೇ. ಮೊಳೆಯ ಕತೆ, ಫೋನಿನ ಕತೆ, ಗಣಪತಿಯ ಕತೆ ಎಲ್ಲ ಹೇಳಿದ. ಹೇಳಿ ಮುಗಿಸಿದಾಗ ಮೈ ಹಗುರಾಗಿತ್ತು.

ಶಿವಗಂಗವ್ವ ಬಾಯಿಯ ಮೇಲೆ ಸೆರಗಿಟ್ಟುಕೊಂಡಳು. “ಅಯ್ಯ ಶಿವನ! ಹಂಗಾರ ನಸುಕಿನಿಂದ ಒಂದ ಗುಟುಕು ನೀರೂ ಇಲ್ಲದ ಬಂದೀರಿ?” ಅವನು ಬಾಯಿ ತೆರೆಯುವಷ್ಟರಲ್ಲಿ ಆಕೆಯ ಕಣ್ಣು ತುಂಬಿದ್ದವು. “ನೋಡ ನೀತಾ, ನಿಷ್ಠಾ ಅಂದ್ರ ಇದು. ಈ ಬಿಸಲಾಗ, ಈ ವಯಸ್ಸಿನ್ಯಾಗ! ಸ್ವಪ್ನಿಲ್ಯಾ, ಕಾಲಿಗೆ ಬೀಳ. ಇಂಥಾವರ ಮಗಳ ಬಗ್ಗೆ ನಾ ಇನ್ನ ಏನ ವಿಚಾರ ಮಾಡಲಿ?” ಸ್ವಪ್ನಿಲ್ ಕಾಲಿಗೆ ಬಿದ್ದ. ಹೊಳಬಸಪ್ಪ ಅಡಿಕೆಯ ವಾಸನೆ ಹೊರಬರದಂತೆ ತುಟಿ ಬಿಗಿದುಕೊಂಡು ಆಶೀರ್ವದಿಸಿದ. ಎಷ್ಟು ಸುಲಭವಾಗಿತ್ತು! ನಿಜ ಹೇಳಿದ್ದಕ್ಕೇ ಇಷ್ಟು ಸಿಕ್ಕಿತು. ಸುಮ್ಮನಿದ್ದರೆ ಮುಗಿಯಿತು, ಎರಡು ವಡಾಪಾವು ಯವತದಲ್ಲೇ ಉಳಿಯುತ್ತವೆ, ಮಗಳ ಮದುವೆಯಾಗುತ್ತದೆ.

“ಕಾರ ತಗೊಂಡ ಇಂದಾಪುರಕ್ಕ ಹೋಗಿ ಬಾ,” ಎಂದಳು ಶಿವಗಂಗವ್ವ ಮಗನಿಗೆ. “ಸಂಜಿತನಕ ಬರ್ತಿ. ಅಲ್ಲೀ ಮಟ ಇವ್ರೂ ಉಣ್ಣೂದಿಲ್ಲ, ನಾನೂ ಉಣ್ಣೂದಿಲ್ಲ.”

“ಆಯೀ, ನಿನ್ನ ಶುಗರ್!” ಎಂದಳು ನೀತಾ. “ಮುಂಜಾನಿ ಇಂಜೆಕ್ಷನ್ ತಗೊಂಡಿ. ಚಕ್ಕರ ಬಂದ ಬೀಳ್ತಿ.”

“ಬಿದ್ರ ಬೀಳ್ತೇನಿ. ಮನಿಗೆ ಬಂದ ಶರಣರು ಉಪವಾಸ ಕುಂತಾಗ ನಾ ಹೋಳಿಗಿ ತಿನ್ಲೇನು?” ಆಕೆಯ ಕೈ ಸಣ್ಣಗೆ ನಡುಗುತ್ತಿತ್ತು. ತಂಬಿಗೆ ಸರಿಸಲು ಹೋಗಿ ನೀರು ಚೆಲ್ಲಿತು. ಸ್ವಪ್ನಿಲ್ ಕಾರಿನ ಕೀಲಿ ತೆಗೆದುಕೊಂಡು ಬಾಗಿಲಿಗೆ ಹೋಗಿದ್ದ. ಹೊಳಬಸಪ್ಪ ಆ ನಡುಗುವ ಕೈಯನ್ನೇ ನೋಡುತ್ತಿದ್ದ. ವರದಾಳ ಮುಖ ಕಣ್ಣ ಮುಂದೆ ಬಂತು. ಏನೂ ಹೆಚ್ಚು ಕಡಿಮೆ ಮಾಡಬೇಡ. ಅವನಿಗೆ ತನ್ನ ಮೇಲೆ, ನಾಗವ್ವನ ಮೇಲೆ, ಯವತದ ಮೇಲೆ ಅಸಾಧ್ಯ ಸಿಟ್ಟು ಬಂತು.

“ಅವ್ವಾರ, ನಾ ತಿಂದೇನ್ರಿ,” ಎಂದ.

ಶಿವಗಂಗವ್ವ ತಲೆಯೆತ್ತಿದಳು.

“ಲಿಂಗ ಇಲ್ಲಂತ ಗೊತ್ತಾದ ಮ್ಯಾಲ ತಿಂದೇನ್ರಿ. ಯವತದಾಗ. ವಡಾಪಾವ. ಎರಡ.” ಶುರುವಾದದ್ದು ನಿಲ್ಲಲಿಲ್ಲ. “ಮೆಣಸಿನಕಾಯಿನೂ ತಿಂದೆ. ಪೂಜಿ ಆತು ಅಂತ ಹೇಣ್ತಿಗೆ ಸುಳ್ಳ ಹೇಳಿದೆ. ಮನ್ಯಾಗೂ ದಿನಾ ಆಗೂದಿಲ್ರಿ. ಆದ ದಿನಾನೂ ಅಂಗಡಿ ಕಾಣತದ. ನಮ್ಮಾಕಿ ನಿಮಗ ಹೇಳಿದ್ದು ನಾ ಅಲ್ರಿ, ಬ್ಯಾರೆ ಯಾರೋ. ಹುಡುಗಿದು ಇದರಾಗ ಏನೂ ತಪ್ಪಿಲ್ಲ. ನೀವು ಮೊದಲ ಊಟಾ ಮಾಡ್ರಿ, ಆಮ್ಯಾಲ ಬೇಕಾದ್ದ ಅನ್ರಿ.”

ನೀತಾ ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಓಡಿದಳು. ಒಳಗೆ ಪಾತ್ರೆಯೊಂದು ಬಿತ್ತು. ಸ್ವಪ್ನಿಲ್ ಬಾಗಿಲಲ್ಲಿ ಕೀಲಿ ಹಿಡಿದು, ಹೋಗಬೇಕೋ ಬೇಡವೋ ತಿಳಿಯದೆ ನಿಂತಿದ್ದ. ಶಿವಗಂಗವ್ವ ಚೆಲ್ಲಿದ ನೀರನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಮಗನ ಕಡೆ ಗದ್ದ ಎತ್ತಿದಳು.

“ಇಂವಾ ದಿನಾ ಹಿಂಗ ಹಣಿತುಂಬ ವಿಭೂತಿ ಹಚ್ಚಿಕೊಂಡು ನನ್ನ ಮುಂದ ಬರ್ತಾನ್ರಿ. ಬಚ್ಚಲದ ಕನ್ನಡಿ ಮುಂದ ನಿಂತು ಹಚ್ಚಿಕೋತಾನ. ನನಗ ಗೊತ್ತಿಲ್ಲಂತ ತಿಳದಾನ. ನೀತಾನೂ ಅಷ್ಟ. ಇವರಪ್ಪನೂ ಇರೂತನಕ ಅಷ್ಟ.” ಆಕೆಯ ದನಿ ಮೆತ್ತಗಾಗಿತ್ತು. “ನನಗ ಎಲ್ಲಾರೂ ಅಂಜತಾರ. ಅಂಜಿ ಅಂಜಿ ಒಬ್ಬರೂ ನನ್ನ ಕೂಡ ನಿಜಾ ಮಾತಾಡೂದಿಲ್ಲ. ಕುಂಡ್ರಿ. ನಂದ ಪೂಜಿ ಆಗೂ ಮಟ ಕುಂಡ್ರಿ.”

ಹೊಳಬಸಪ್ಪ ಎರಡನೆಯ ಮಣೆಯ ಮೇಲೆ ಕೂತ. ಶಿವಗಂಗವ್ವ ಕರಡಿಗೆ ತೆರೆದು, ನೀರೆರೆದು, ಪತ್ರೆ ಏರಿಸಿ, ಅಂಗೈಯನ್ನು ಮುಖದ ನೇರಕ್ಕೆ ತಂದು ದಿಟ್ಟಿಸತೊಡಗಿದಳು. ಗಡಿಯಾರದ ಸದ್ದು ಕೇಳುತ್ತಿತ್ತು. ಅವನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಮಗಳಿಗೆ ಫೋನಿನಲ್ಲಿ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದ. ಯಾವ ರೀತಿ ಜೋಡಿಸಿದರೂ ಅದರಲ್ಲಿ ವಡಾಪಾವು ಬರುತ್ತಿತ್ತು. ಶಿವಗಂಗವ್ವನ ಭುಜ ಒಮ್ಮೆ ಅಲುಗಿತು. ಇನ್ನೊಮ್ಮೆ ಅಲುಗಿತು. ಆಕೆಗೆ ಚಕ್ಕರ ಬಂತೆಂದು ಅವನು ಹೆದರಿ ಬಗ್ಗಿ ನೋಡಿದ. ತುಟಿ ಕಚ್ಚಿ ಹಿಡಿದಿದ್ದಳು. ಲಿಂಗವನ್ನು ಕಣ್ಣಿಗೊತ್ತಿ ಕರಡಿಗೆಯಲ್ಲಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಏನ ಮಂದಿರಿ ನೀವು! ಇಷ್ಟ ವರ್ಷದಾಗ ಪೂಜಿಗೆ ಕುಂತಾಗ ನನ್ನ ಮನಸ್ಸ ಎಲ್ಲೂ ಹೋಗಿರಲಿಲ್ಲ. ಇವತ್ತ ಕಣ್ಣ ಮುಂದ ಬರೇ ನಿಮ್ಮ ವಡಾಪಾವ ಬಂದ್ವು. ಎರಡೂ.”

ಶಿವಗಂಗವ್ವ ನೆಲಕ್ಕೆ ಕೈಯೂರಿ ಎದ್ದು, ಅಡುಗೆಮನೆಯ ಕಡೆ ತಿರುಗಿದಳು.

“ನೀತಾ, ಎಲಿ ಹಾಕ. ಬೀಗರು ಹಸದಾರ.”